ವೈಕಿಂಗ್ ವೇಷದ ಬೆಲ್ಟಿಗೆ ಹಿತ್ತಾಳೆ ಬಿಲ್ಲೆ, ತುದಿ, ಬಕಲ್: ಮೈಸೂರಲ್ಲೇ ಕೂತು ಮಾಡ್ಕೊಳ್ಳೋದು ಹೇಗೆ

ಸ್ವೀಡನ್, ಡೆನ್ಮಾರ್ಕ್ ಕಡೆಯ ವೈಕಿಂಗ್, ಇಂಗ್ಲೆಂಡಿನ ಆಂಗ್ಲೋ ಸ್ಯಾಕ್ಸನ್, ಹಂಗೇರಿ ಕಡೆಯ ಅವಾರ್ ಕುದುರೆ ಸವಾರ ಅಂತ ಯುರೋಪಿನ ಹಳೇ ಕಾಲದ ವೇಷ ಹಾಕೋರು ಮೈಸೂರಲ್ಲೂ ಈಗ ಅಲ್ಲೊಬ್ರು ಇಲ್ಲೊಬ್ರು ಇದಾರೆ, ಕಾಲೇಜ್ ಫೆಸ್ಟಿಗೆ, ನಾಟಕಕ್ಕೆ, ಸುಮ್ನೆ ಹವ್ಯಾಸಕ್ಕೆ. ಅಂಗಿ ಉಣ್ಣೆದೋ ಲಿನನ್ನೋ ನೋಡಿ ಚೆನ್ನಾಗೇ ಹೊಲಿಸಿರ್ತಾರೆ, ಆದ್ರೆ ಸೊಂಟಕ್ಕೆ ಬಂದ್ರೆ ಎರಡೂವರೆ ಮೂರು ಇಂಚಿನ ಕರಿ ಬೆಲ್ಟು, ಮುಂದೆ ಊಟದ ಡಬ್ಬಿ ಮುಚ್ಚಳದಷ್ಟು ದೊಡ್ಡ ಬಕಲ್. ನೋಡೋರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ, ಹಾಗಾಗಿ ಬೆಲ್ಟ್ ಸರಿ ಇಲ್ಲ ಅಂದ್ರೆ ಉಳಿದಿದ್ದೆಲ್ಲ ಎಷ್ಟೇ ಸರಿ ಇದ್ರೂ ಪ್ರಯೋಜನ ಆಗಲ್ಲ. ಅದಕ್ಕೇ ಹಿತ್ತಾಳೆ ಕೆಲಸ ಶುರು ಮಾಡೋಕೆ ಮುಂಚೆ ಅಗಲ ನಿರ್ಧಾರ ಮಾಡ್ಕೊಳ್ಳಿ. 9ನೇ, 10ನೇ ಶತಮಾನದ ವೇಷ ಅಂದ್ರೆ ಬೆಲ್ಟಿನ ಅಗಲ 2 ಸೆಂಟಿಮೀಟರ್ ಆಸುಪಾಸು ಇಟ್ಕೊಳ್ಳಿ, ಒಂದೂವರೆ ಆದ್ರೂ ನಡೆಯತ್ತೆ, ಎರಡೂವರೆ ದಾಟ್ಬೇಡಿ. ಅಷ್ಟು ಸಣ್ಣ ಪಟ್ಟಿನಾ ಅಂತ ಅನ್ಸತ್ತೆ, ಒಂದ್ಸಲ ಅಂಗಿ ಮೇಲೆ ಕಟ್ಟಿ ನೋಡಿ, ಆ ಸಣ್ಣ ಪಟ್ಟಿ ಮೇಲೆ ಹೊಳೆಯೋ ನಾಲ್ಕೇ ತುಂಡು ಹಿತ್ತಾಳೆಗೆ ಎಂಥ ಲಕ್ಷಣ ಬರತ್ತೆ ಅಂತ ಆಮೇಲೆ ಗೊತ್ತಾಗತ್ತೆ.

ಅಗಲದ ಬೆಲ್ಟು ಇರಲೇ ಇಲ್ಲ ಅಂತಲ್ಲ. 7ನೇ ಶತಮಾನದಲ್ಲಿ ಈಗಿನ ಫ್ರಾನ್ಸ್, ಜರ್ಮನಿ ಭಾಗದ ಫ್ರಾಂಕರ ಕಡೆ ಕಬ್ಬಿಣದ ದೊಡ್ಡ ದೊಡ್ಡ ಪಟ್ಟಿ ಮೇಲೆ ಬೆಳ್ಳಿ ತಂತಿ ಕೂರಿಸಿದ ಭಾರಿ ಬಕಲ್‌ಗಳಿದ್ವು. ಇಂಗ್ಲೆಂಡಿನ ಸಟನ್ ಹೂನಲ್ಲಿ 1939ರಲ್ಲಿ ಸಿಕ್ಕ ಬಂಗಾರದ ಬಕಲ್ ಅಂತೂ 13.2 ಸೆಂಟಿಮೀಟರ್ ಉದ್ದ, ತೂಕ 412.7 ಗ್ರಾಂ, ಒಳಗೆ ಟೊಳ್ಳು, ಹಿಂದ್ಗಡೆ ಮುಚ್ಚಳದ ಥರ ತೆಗೆಯೋಕೆ ಬರತ್ತೆ. ಆದ್ರೆ ಅದು 7ನೇ ಶತಮಾನದ ಶುರುವಿನದು, ರಾಜನದ್ದೇ ಅನ್ನೋ ಮಟ್ಟದ ಸಮಾಧಿದು. ಅದನ್ನ ತಂದು 10ನೇ ಶತಮಾನದ ಸ್ವೀಡನ್ ವ್ಯಾಪಾರಿ ಸೊಂಟಕ್ಕೆ ಹಾಕಿದ್ರೆ ಮುನ್ನೂರು ವರ್ಷ ಮತ್ತೆ ಒಂದು ಸಮುದ್ರ ಎರಡೂ ದಾಟಿದ ಹಾಗೆ. ಅದಕ್ಕೇ ಒಂದು ಜಾಗ, ಒಂದು ಶತಮಾನ, ಒಂದು ಅಂತಸ್ತು, ಈ ಮೂರನ್ನ ಕಾಗದದಲ್ಲಿ ಬರ್ಕೊಂಡು ಆಮೇಲೆ ಚಿತ್ರ ಹುಡುಕಿ. ಎಲ್ಲಾ ಕಡೆಯಿಂದ ಒಂದೊಂದು ಚಂದದ್ದು ಆರಿಸ್ಕೊಂಡು ಒಂದೇ ಪಟ್ಟಿಗೆ ಹೊಡೆಯೋದು ಬೇಡ.

ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ನಾನು ಹೇಳೋದು ಎರಡು ಜಾಗ. ಒಂದು ಸ್ವೀಡನ್ನಿನ ಬಿರ್ಕಾ, ಮೆಲಾರೆನ್ ಸರೋವರದ ಒಂದು ದ್ವೀಪದಲ್ಲಿದ್ದ ವ್ಯಾಪಾರದ ಊರು, ಸುಮಾರು 750ರಿಂದ 975ರ ತನಕ ನಡೀತಿತ್ತು. ಅಲ್ಲಿ ಯಾಲ್ಮರ್ ಸ್ಟೋಲ್ಪೆ ಅನ್ನೋರು 19ನೇ ಶತಮಾನದ ಕೊನೇಲಿ ಸಾವಿರಕ್ಕೂ ಜಾಸ್ತಿ ಸಮಾಧಿ ಅಗೆದ್ರು, ಹಾಗಾಗಿ ಬೆಲ್ಟಿನ ತುಂಡುಗಳ ಚಿತ್ರ, ಅಳತೆ ಧಾರಾಳವಾಗಿ ಸಿಗತ್ತೆ. ಇನ್ನೊಂದು 9ನೇ ಶತಮಾನದ ಇಂಗ್ಲೆಂಡು, ಅಲ್ಲಿ ಬೆಲ್ಟಿನ ತುದಿಗೆ ಹಾಕೋ ಲೋಹದ ತುಂಡುಗಳು ಲೆಕ್ಕವಿಲ್ದಷ್ಟು ಸಿಕ್ಕಿವೆ, ಕೊನೇಲಿ ಎರಡು ಕಿವಿ, ಗುಂಡು ಕಣ್ಣು ಇರೋ ಪ್ರಾಣಿ ಮುಖ, ನಡುವೆ ಕಪ್ಪು ತುಂಬಿದ ಕೆತ್ತನೆ. ಮೊದಲ ಸಲಕ್ಕೆ ಈ ಇಂಗ್ಲೆಂಡ್ ಥರದ ತುದಿ ಒಳ್ಳೇದು, ಯಾಕಂದ್ರೆ ಆಕಾರ ಸರಳ, ತಗಡಲ್ಲೇ ಮಾಡ್ಬೋದು. ಹಂಗೇರಿ ಕಡೆಯ ಅವಾರರ 8ನೇ ಶತಮಾನದ ಬೆಲ್ಟು ನೋಡೋಕೆ ಬಹಳ ಸೊಗಸು, ರೆಕ್ಕೆ ಪ್ರಾಣಿ, ಬಳ್ಳಿ, ಪಕ್ಕದಲ್ಲಿ ಇಳಿಬಿದ್ದ ಸಣ್ಣ ಪಟ್ಟಿಗಳು, ಆದ್ರೆ ಅದೆಲ್ಲಾ ಎರಕದ ಕೆಲಸ, ಕೈ ಪಳಗಿದ ಮೇಲೆ ಮಾಡಿ.

ಬೆಲ್ಟಿನ ಮೇಲೆ ಬರೋ ಲೋಹ ಮೂರು ಥರ. ಒಂದು ಬಕಲ್ಲು, ಅದನ್ನ ಚರ್ಮಕ್ಕೆ ಹಿಡಿಸೋ ಮಡಿಚಿದ ತಗಡು ಸೇರಿ. ಎರಡು, ಇನ್ನೊಂದು ಕೊನೆಗೆ ಬರೋ ತುದಿ, ಇದು ಬರೀ ಅಂದಕ್ಕಲ್ಲ, ತೂಕ ಕೊಟ್ಟು ಪಟ್ಟಿ ನೆಟ್ಟಗೆ ಇಳಿಯೋ ಹಾಗೆ ಮಾಡತ್ತೆ, ಚರ್ಮದ ಕೊನೆ ಸವೆಯದ ಹಾಗೂ ನೋಡ್ಕೊಳತ್ತೆ. ಮೂರು, ನಡುವೆ ಸಾಲಾಗಿ ಬರೋ ಬಿಲ್ಲೆಗಳು. ಬಿಲ್ಲೆ ಇಲ್ಲದ ಬೆಲ್ಟು ಪೂರ್ತಿ ಸರಿ, ಸಾಮಾನ್ಯ ರೈತನ ವೇಷಕ್ಕೆ ಬಕಲ್ ಒಂದೇ ಸಾಕು. ದುಡ್ಡಿರೋನ ವೇಷ ಅಂದ್ರೆ ಮಾತ್ರ ಬಿಲ್ಲೆ ಹಾಕಿ.

ಚರ್ಮದ ಬಗ್ಗೆ ಒಂದು ವಿಷಯ ನಂಗೆ ತುಂಬಾ ಇಷ್ಟ. ಮಣ್ಣಲ್ಲಿ ಸಾವಿರ ವರ್ಷ ಇದ್ದ ಬೆಲ್ಟಲ್ಲಿ ಚರ್ಮ ಕೊಳೆತು ಹೋಗಿರತ್ತೆ, ಆದ್ರೆ ಹಿತ್ತಾಳೆ ಕಂಚಿನ ಕೆಳಗೆ ಮಾತ್ರ ಒಂಚೂರು ಉಳ್ಕೊಂಡಿರತ್ತೆ, ತಾಮ್ರದ ಕಿಲುಬು ಅದನ್ನ ಕಾಪಾಡಿರತ್ತೆ. ಆ ಚೂರೂ ಇಲ್ಲ ಅಂದ್ರೂ ರಿವಿಟ್, ಅಂದ್ರೆ ಲೋಹವನ್ನ ಚರ್ಮಕ್ಕೆ ಹಿಡಿಸಿ ಎರಡೂ ಕಡೆ ತಟ್ಟಿದ ಮೊಳೆ, ಹೇಳತ್ತೆ: ಮುಂದಿನ ತಗಡಿಗೂ ಹಿಂದಿನ ವಾಷರ್‌ಗೂ ಮಧ್ಯೆ ಎಷ್ಟು ಜಾಗ ಇದೆಯೋ ಆ ಚರ್ಮ ಅಷ್ಟೇ ದಪ್ಪ ಇತ್ತು ಅಂತ. ಹಾಗಾಗಿ ಮ್ಯೂಸಿಯಂ ಫೋಟೋ ನೋಡುವಾಗ ಮುಂದಿನ ಚಿತ್ತಾರ ಮಾತ್ರ ನೋಡಿ ಬಿಟ್ಬಿಡಬೇಡಿ, ಪಕ್ಕದಿಂದ ತೆಗೆದ ಫೋಟೋ, ಹಿಂದಿನ ಫೋಟೋ ಹುಡುಕಿ, ಮಾಡೋ ವಿಧಾನ ಎಲ್ಲಾ ಅಲ್ಲೇ ಇರೋದು.

ನಮಗೆ 2ರಿಂದ 2.5 ಮಿಲಿಮೀಟರ್ ದಪ್ಪದ ಹಸು ಅಥವಾ ಎಮ್ಮೆ ಚರ್ಮ ಸಾಕು. ಅಂಗಡೀಲಿ ಚರ್ಮ ಕೇಳುವಾಗ ತೊಗಟೆ ಹದದ್ದು ಬೇಕು ಅಂತ ಬಿಡಿಸಿ ಹೇಳಿ, ವೆಜಿಟೆಬಲ್ ಟ್ಯಾನ್ ಅಂದ್ರೂ ಅರ್ಥ ಆಗತ್ತೆ. ಕ್ರೋಮ್ ಹದ 19ನೇ ಶತಮಾನದ್ದು, ನಮ್ಮ ವೇಷಕ್ಕೆ ಹೊಂದಲ್ಲ, ಮೇಲಾಗಿ ಅದು ಮೆತ್ತಗಿದ್ದು ಎಳೆದ್ರೆ ಹಿಗ್ಗತ್ತೆ. ಗುರುತು ಹಿಡಿಯೋದು ಸುಲಭ, ಕತ್ತರಿಸಿದ ಅಂಚು ನೋಡಿ, ನೀಲಿ ಬೂದು ಛಾಯೆ ಕಂಡ್ರೆ ಕ್ರೋಮು, ಕಂದು ಬಣ್ಣ ಒಳತನಕ ಒಂದೇ ಸಮ ಇದ್ರೆ ತೊಗಟೆ ಹದ. ನಮ್ಮ ದಕ್ಷಿಣದ ಕಡೆ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡೋದು ಹಳೇ ಪದ್ಧತಿ, ಅಂಥ ಚರ್ಮ ಸಿಕ್ಕರೆ ಬಿಡ್ಬೇಡಿ. ಪಟ್ಟಿ ಕತ್ತರಿಸೋಕೆ ಕೈ ನಡುಗಿದ್ರೆ ಚಪ್ಪಲಿ ಹೊಲಿಯೋರ ಹತ್ರ ಕೊಡಿ, "ಅಣ್ಣಾ, ಎರಡು ಸೆಂಟಿಮೀಟರ್ ಅಗಲ, ನೆಟ್ಟಗೆ ಒಂದೇ ಪಟ್ಟಿ ಬೇಕು, ಜೋಡಿಸ್ಬೇಡಿ" ಅಂತ ಹೇಳಿದ್ರೆ ಆಯ್ತು, ಅವರ ಕತ್ತಿ ಒಂದೇ ಎಳೆತಕ್ಕೆ ತೆಗೆಯತ್ತೆ. ಉದ್ದ ಎಷ್ಟು ಅಂದ್ರೆ, ಅಂಗಿ ಎಲ್ಲಾ ಹಾಕ್ಕೊಂಡು ಅದರ ಮೇಲೆ ಸೊಂಟದ ಸುತ್ತಳತೆ ತಗೊಂಡು ಅದಕ್ಕೆ 40 ಸೆಂಟಿಮೀಟರ್ ಸೇರಿಸಿ. ಪ್ಯಾಂಟಿನ ಅಳತೆ ಇಟ್ಕೊಂಡು ಕತ್ತರಿಸಿದ್ರೆ ಸಾಲಲ್ಲ.

ಇನ್ನು ಲೋಹ. ಹಿತ್ತಾಳೆ ತಗಡನ್ನ ಗೇಜ್ ಲೆಕ್ಕದಲ್ಲಿ ಕೇಳಿ, ತೂಕಕ್ಕೆ ಕೊಡ್ತಾರೆ. 18 ಗೇಜ್ ಅಂದ್ರೆ ಸುಮಾರು 1.2 ಮಿಲಿಮೀಟರ್, 20 ಅಂದ್ರೆ 0.9, 22 ಅಂದ್ರೆ 0.7. ಮುಂದೆ ಕಾಣೋ ತುಂಡಿಗೆ 18, ಹಿಂಬದಿಗೆ 22, ಬಕಲ್ ಮಡಿಕೆಗೆ 20 ತಗೊಳ್ಳಿ. ಹೊಸ ತಗಡು ಸಿಗದಿದ್ರೆ ಹಳೇ ಪಾತ್ರೆ ತಗೊಳೋ ಅಂಗಡೀಲಿ ಒಡೆದ ಹಿತ್ತಾಳೆ ತಟ್ಟೆ ಕೇಳಿ, ದೇವರಾಜ ಮಾರ್ಕೆಟ್ ಸುತ್ತಮುತ್ತ ವಿಚಾರಿಸಿ. ಹಳೇ ತಟ್ಟೆಯ ತಳ ಚಪ್ಪಟೆ ಇರತ್ತೆ, ಬೆಲ್ಟಿಗೆ ಬೇಕಾದಷ್ಟು ಅದರಲ್ಲೇ ಹೊರಡತ್ತೆ. ಆನ್‌ಲೈನಲ್ಲಿ ಬರೋ ಆಂಟಿಕ್ ಗೋಲ್ಡ್ ಬಣ್ಣದ ರೆಡಿ ಬಿಲ್ಲೆಗಳಲ್ಲಿ ತುಂಬಾವು ಬರೀ ಸತುವಿನ ಎರಕ, ಮೇಲೆ ಬಣ್ಣ. ಬಗ್ಗಿಸಿದ್ರೆ ಪಟ್ ಅಂತ ಮುರಿಯತ್ತೆ, ಬಣ್ಣ ಎದ್ದು ಬೂದು ಕಾಣತ್ತೆ, ನಾನಂತೂ ಯಾರಿಗೂ ತಗೊಳ್ಳಿ ಅನ್ನಲ್ಲ.

ತುದಿ ಮಾಡೋದು ಹೀಗೆ. ದಪ್ಪ ಕಾಗದದಲ್ಲಿ ಮೊದಲು ಆಕಾರ ಕತ್ತರಿಸಿ, ಮೇಲ್ಗಡೆ ಬೆಲ್ಟಿನಷ್ಟೇ ಅಗಲ, ಕೆಳಗೆ ಬರ್ತಾ ಸಣ್ಣ, ಕೊನೇಲಿ ಪ್ರಾಣಿ ಮೂತಿ, ಒಟ್ಟು ಉದ್ದ 4ರಿಂದ 5 ಸೆಂಟಿಮೀಟರ್. ಅದನ್ನ 18 ಗೇಜ್ ತಗಡಿಗೆ ಅಂಟಿಸಿ ಅಕ್ಕಸಾಲಿಗರ ಸಣ್ಣ ಗರಗಸದಲ್ಲಿ ಕುಯ್ಯಿರಿ, ಬ್ಲೇಡಿನ ಹಲ್ಲು ಕೆಳಮುಖ ಇರ್ಬೇಕು, ಒತ್ತಬೇಡಿ, ಬ್ಲೇಡ್ ತಾನೇ ಇಳಿಯತ್ತೆ, ಬ್ಲೇಡಿಗೆ ಆಗಾಗ ಮೇಣದ ಬತ್ತಿ ಉಜ್ಜಿದ್ರೆ ಮುರಿಯೋದು ಕಮ್ಮಿ. ಅದೇ ಆಕಾರ 22 ಗೇಜಲ್ಲೂ ಒಂದು ಕುಯ್ದು ಎರಡನ್ನೂ ಬೆಂಚ್ ವೈಸಲ್ಲಿ ಜೋಡಿಸಿ ಹಿಡಿದು ಅರದಿಂದ ಅಂಚು ಒಟ್ಟಿಗೇ ಉಜ್ಜಿ, ಆಗ ಎರಡೂ ಕರೆಕ್ಟಾಗಿ ಕೂರತ್ತೆ. ಚರ್ಮದ ಕೊನೆಯನ್ನ ಹಿಂದಿನಿಂದ ಹೆರೆದು ಅರ್ಧ ದಪ್ಪ ಮಾಡಿ ಈ ಎರಡರ ಮಧ್ಯೆ ಸಿಗಿಸ್ಬೇಕು. ಅಸಲಿ ತುಂಡುಗಳಲ್ಲಿ ಒಂದೇ ಎರಕ ಮಾಡಿ ಮೇಲ್ಗಡೆ ಸೀಳಿರ್ತಿದ್ರು, ಆ ಸೀಳೊಳಗೆ ಚರ್ಮ ತೂರಿಸಿ ಎರಡು ರಿವಿಟ್ ಹೊಡೀತಿದ್ರು, ನಾವು ಎರಡು ತಗಡಲ್ಲಿ ಅದೇ ರೂಪ ತರ್ತಾ ಇದೀವಿ. ಕೆಳಗಡೆ ಮೂತಿ ಹತ್ರ ಚರ್ಮ ಹೋಗಲ್ಲ, ಅಲ್ಲಿ ತಗಡುಗಳ ಮಧ್ಯೆ ಸಂದು ಕಾಣದ ಹಾಗೆ ಒಂದು ಚೂರು ಹಿತ್ತಾಳೆ ಇಟ್ಟು ಒಂದು ರಿವಿಟ್ ಹೊಡೀರಿ.

ಚಿತ್ತಾರಕ್ಕೆ ಮೊದಲು ವೃತ್ತದ ನಡುವೆ ಚುಕ್ಕಿ ಕಲೀರಿ. ಆಗಿನ ಯುರೋಪಲ್ಲಿ ಮೂಳೆ ಬಾಚಣಿಗೆಯಿಂದ ಹಿಡಿದು ಬೆಲ್ಟಿನ ತುದಿ ತನಕ ಎಲ್ಲೆಲ್ಲೂ ಈ ಚಿತ್ತಾರ ಇದೆ, ಮತ್ತೆ ಇದಕ್ಕೆ ಚಿತ್ರ ಬರೆಯೋ ಕೈ ಬೇಡ, ಒಂದು ಉಪಕರಣ ಸಾಕು. 5 ಮಿಲಿಮೀಟರ್ ಉಕ್ಕಿನ ಕಡ್ಡಿಯ ತುದಿ ಚಪ್ಪಟೆ ಉಜ್ಜಿ, ನಡುವೆ ಒಂದು ಮೊನೆ ಸ್ವಲ್ಪ ಉದ್ದ, ಪಕ್ಕದಲ್ಲಿ ಒಂದು ಹಲ್ಲು ಸ್ವಲ್ಪ ಗಿಡ್ಡ, ಇಷ್ಟು ಬಿಟ್ಟು ಉಳಿದಿದ್ದೆಲ್ಲ ಅರದಲ್ಲಿ ತೆಗೀರಿ. ಕೆಂಪಗೆ ಕಾಯಿಸಿ ಎಣ್ಣೇಲಿ ಅದ್ದಿ ಗಟ್ಟಿ ಮಾಡಿ, ಮೈ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ನಿಧಾನಕ್ಕೆ ಕಾಯಿಸಿದ್ರೆ ಒಣಹುಲ್ಲಿನ ಬಣ್ಣ ಬರತ್ತೆ, ಆ ಬಣ್ಣ ಬಂದ ತಕ್ಷಣ ನೀರಿಗೆ ಹಾಕಿ, ಹೀಗೆ ಎರಡನೇ ಸಲ ಕಾಯಿಸದೇ ಬಿಟ್ರೆ ಮೊನೆ ಚೂರಾಗತ್ತೆ. ಆಮೇಲೆ ಕೈ ಡ್ರಿಲ್ಲಿಗೆ ಹಾಕಿ ತಗಡಿನ ಮೇಲೆ ನೆಟ್ಟಗೆ ಇಟ್ಟು ನಿಧಾನ ತಿರುಗಿಸಿ, ಮೊನೆ ನಿಂತ ಜಾಗದಲ್ಲಿ ಚುಕ್ಕಿ, ಹಲ್ಲು ಓಡಿದ ಜಾಗದಲ್ಲಿ ವೃತ್ತ, ಎರಡೂ ಒಟ್ಟಿಗೇ ಬೀಳತ್ತೆ. ಪವರ್ ಡ್ರಿಲ್ ಬೇಡ, ಜಾರಿ ಗೀರು ಬೀಳತ್ತೆ. ಪ್ರಾಣಿ ಕಣ್ಣೂ ಇದರಲ್ಲೇ ಆಗೋಗತ್ತೆ. ಇದರ ಜೊತೆ ತ್ರಿಕೋನದ ಪಂಚು, ಅಂದ್ರೆ ಸುತ್ತಿಗೇಲಿ ಹೊಡೆದು ಗುರುತು ಒತ್ತೋ ಕಡ್ಡಿ, ಒಂದು ಮಾಡ್ಕೊಂಡ್ರೆ, ಒಳಗೆ ಒಂದೋ ಮೂರೋ ಚುಕ್ಕಿ ಬಿಟ್ಟು, ವೈಕಿಂಗ್ ಬೆಳ್ಳಿ ಕಡಗದ ಮೇಲೆ ಇರೋ ಅಂಚಿನ ಚಿತ್ತಾರ ಸಿಗತ್ತೆ. ಪಂಚ್ ಹೊಡೆಯೋಕೆ ಮುಂಚೆ ತಗಡನ್ನ ಮಬ್ಬು ಕೆಂಪು ಆಗೋ ತನಕ ಕಾಯಿಸಿ ಆರಿಸ್ಕೊಳ್ಳಿ, ದೀಪ ಆರಿಸಿ ನೋಡಿದ್ರೆ ಆ ಕೆಂಪು ಸರಿಯಾಗಿ ಕಾಣತ್ತೆ, ಕಾಯಿಸಿದ ಹಿತ್ತಾಳೆ ಮೆತ್ತಗಾಗತ್ತೆ, ಹೊಡೀತಾ ಹೊಡೀತಾ ಮತ್ತೆ ಗಟ್ಟಿ ಆಗತ್ತೆ, ಆಗ ಇನ್ನೊಂದ್ಸಲ ಕಾಯಿಸಿ.

ಬಕಲ್ಲಿಗೆ 4 ಮಿಲಿಮೀಟರ್ ಹಿತ್ತಾಳೆ ಸರಳು ತಗೊಂಡು ಕಾಯಿಸಿ ಕಬ್ಬಿಣದ ಪೈಪಿಗೆ ಸುತ್ತಿ ಡಿ ಆಕಾರಕ್ಕೆ ತನ್ನಿ. ಒಳಗಿನ ಅಗಲ ಬೆಲ್ಟಿಗಿಂತ 2 ಮಿಲಿಮೀಟರ್ ಜಾಸ್ತಿ ಇರ್ಲಿ. ಜೋಡಣೆ ನೇರ ಪಟ್ಟಿ ಕಡೆ ಬರೋ ಹಾಗೆ ನೋಡ್ಕೊಂಡ್ರೆ ಮಡಿಚಿದ ತಗಡಿನ ಕೆಳಗೆ ಮುಚ್ಚೋಗತ್ತೆ. ಬೆಸುಗೆ ಮನೇಲಿ ಮಾಡೋ ಬದ್ಲು ಪರಿಚಯದ ಅಕ್ಕಸಾಲಿಗರಿಗೆ ಕೊಡಿ, ಬಿಳಿಗಾರ ಹಾಕಿ ಎರಡು ನಿಮಿಷದಲ್ಲಿ ಮುಗಿಸ್ತಾರೆ. ಕೊಡುವಾಗ "ಆಚಾರ್ರೇ, ಕ್ಯಾಡ್ಮಿಯಂ ಇಲ್ದಿರೋ ಬೆಳ್ಳಿ ಬೆಸುಗೆ ಹಾಕ್ಕೊಡಿ" ಅಂತ ಕೇಳಿ. ಬಂಗಾರದ ಅಂಗಡೀಲಿ ಕೆಡಿಎಂ ಅಂತಾರಲ್ಲ ಅದು ಕ್ಯಾಡ್ಮಿಯಮ್ಮೇ, ಅದರ ಹೊಗೆ ಶ್ವಾಸಕೋಶಕ್ಕೆ ವಿಷ, ಅವರಿಗೂ ಬೇಡ ನಮಗೂ ಬೇಡ. ಬಕಲ್ಲಿನ ನಾಲಿಗೆ, ಅಂದ್ರೆ ತೂತಿಗೆ ಸಿಗೋ ಕಡ್ಡಿ, ಎರಡೂವರೆ ಮಿಲಿಮೀಟರ್ ತಂತಿದು, ಒಂದು ಕೊನೆ ತಟ್ಟಿ ಚಪ್ಪಟೆ ಮಾಡಿ ನೇರ ಪಟ್ಟಿಗೆ ಸುತ್ತಿ. 20 ಗೇಜ್ ತಗಡು 8 ಸೆಂಟಿಮೀಟರ್ ಉದ್ದ ಬೆಲ್ಟಿನಷ್ಟೇ ಅಗಲ ಕತ್ತರಿಸಿ ನಡುವೆ ಮಡಿಚಿ, ಮಡಿಕೇಲಿ ನಾಲಿಗೆ ಆಡೋಷ್ಟು ಕಿಂಡಿ ಬಿಡಿ. ಈ ಕಿಂಡಿ ಮಡಿಚೋಕೆ ಮುಂಚೆನೇ ಕುಯ್ಯಬೇಕು.

ಬಿಲ್ಲೆ ಎಲ್ಲಾ ಒಂದೇ ಥರ ಹತ್ತು ಹದಿನೈದು ಬೇಕು ಅಂದ್ರೆ ಎರಕವೇ ಸರಿ. ಹಿತ್ತಾಳೆ ಎರಕ ಮನೇಲಿ ಬೇಡವೇ ಬೇಡ, ಸತು 907 ಡಿಗ್ರೀಲೇ ಕುದಿಯತ್ತೆ, ಹಿತ್ತಾಳೆ ಕರಗೋದೂ ಅದರ ಆಸುಪಾಸಲ್ಲೇ, ಆ ಬಿಳಿ ಹೊಗೆ ಕುಡಿದ್ರೆ ಚಳಿಜ್ವರ ಬರತ್ತೆ. ನಮ್ಮ ಪುಣ್ಯ, ಮಂಡ್ಯ ಜಿಲ್ಲೆ ನಾಗಮಂಗಲ ಹಿತ್ತಾಳೆ, ಕಂಚಿನ ವಿಗ್ರಹದ ಕೆಲಸಕ್ಕೆ ಹಿಂದಿನಿಂದ ಹೆಸರಾದ ಊರು, ಪಕ್ಕದಲ್ಲೇ ಇದೆ. ಒಂದು ಬಿಲ್ಲೆ ಮೇಣದಲ್ಲಿ ಚೆನ್ನಾಗಿ ಕೆತ್ತಿ, ಎಷ್ಟು ಬೇಕು, ಎಷ್ಟು ದಪ್ಪ ಅಂತ ಅಳತೆ ಸಮೇತ ಕೊಟ್ಟು ಕೇಳಿ. ಹಿಂದ್ಗಡೆ ಎರಡು ಕಡ್ಡಿ ಮೇಣದಲ್ಲೇ ನಿಲ್ಲಿಸಿ ಕೊಡಿ, ಅಸಲಿ ಬಿಲ್ಲೆಗಳಲ್ಲಿ ರಿವಿಟ್ ಹೀಗೆ ಬಿಲ್ಲೆ ಜೊತೆಗೇ ಎರಕ ಆಗಿರ್ತಿತ್ತು, ಮುಂದಿನಿಂದ ರಿವಿಟ್ ತಲೆ ಕಾಣಲ್ಲ.

ಮನೇಲೇ ಎರಕ ಮಾಡಿ ನೋಡೋ ಆಸೆ ಇದ್ರೆ ತವರದಲ್ಲಿ ಮಾಡಿ, ಅದು 232 ಡಿಗ್ರೀಗೇ ಕರಗತ್ತೆ. ಸೀಸ ಇಲ್ಲದ ಬೆಸುಗೆ ಬಾರ್ ಕೇಳಿ ತಗೊಳ್ಳಿ, ಅದರಲ್ಲಿ ಬಹುಪಾಲು ತವರವೇ ಇರತ್ತೆ. ಹಳೇ ಸೀಸದ ಬೆಸುಗೆ ಬೇಡ, ಮೈ ಮೇಲೆ ಹಾಕ್ಕೊಳ್ಳೋ ವಸ್ತು. ಅಚ್ಚು ಬಳಪದ ಕಲ್ಲಲ್ಲಿ ಕೆತ್ತಿ. ಸೋಮನಾಥಪುರದ ಶಿಲ್ಪಗಳು ಅಷ್ಟು ನಯವಾಗಿ ಬಂದಿರೋದು ಇಂಥ ಮೆದು ಕಲ್ಲಿಂದಲೇ, ಅತ್ತ ಡೆನ್ಮಾರ್ಕ್ ಕಡೆಯೂ ಅದೇ ಜಾತಿ ಕಲ್ಲಲ್ಲಿ ವೈಕಿಂಗರು ಅಚ್ಚು ಮಾಡಿದ್ರು, ಒಂದೇ ಕಲ್ಲಲ್ಲಿ ಕ್ರಿಸ್ತನ ಶಿಲುಬೆ, ವೈಕಿಂಗರ ಹಳೇ ದೇವರು ಥೋರನ ಸುತ್ತಿಗೆ ಎರಡರ ಅಚ್ಚೂ ಇರೋದು ಸಿಕ್ಕಿದೆ. ಕಲ್ಲು ಚಾಕುವಿನ ಮೊನೆಗೇ ಕೊರೆಯತ್ತೆ. ಕೆತ್ತುವಾಗ ನೀರು ಹಾಕ್ಕೊಂಡು ಕೆತ್ತಿ, ಧೂಳು ಮೂಗಿಗೆ ಹೋಗ್ಬಾರ್ದು, ಆಮೇಲೆ ಬಿಸಿಲಲ್ಲಿ ಪೂರ್ತಿ ಒಣಗಿಸಿ ಸ್ವಲ್ಪ ಬೆಚ್ಚಗೆ ಮಾಡ್ಕೊಂಡೇ ತವರ ಹುಯ್ಯಿರಿ. ಒಂದು ಹನಿ ನೀರು ಒಳಗೆ ಉಳಿದ್ರೂ ಕರಗಿದ ಲೋಹ ಮುಖಕ್ಕೆ ಸಿಡಿಯತ್ತೆ. ಕನ್ನಡಕ, ಶೂ, ಹತ್ತಿ ಬಟ್ಟೆ ಇಲ್ದೆ ಈ ಕೆಲಸಕ್ಕೆ ಕೂರಬೇಡಿ, ಅಡುಗೆ ಪಾತ್ರೇಲಿ ಕರಗಿಸ್ಬೇಡಿ.

ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ್ದು ರಿವಿಟ್ಟು. ಅಂಗಡಿ ಪಾಪ್ ರಿವಿಟ್, ಜೀನ್ಸಿನ ಗುಂಡಿ ಬೇಡ, 1.6 ಅಥವಾ 2 ಮಿಲಿಮೀಟರ್ ಹಿತ್ತಾಳೆ ತಂತಿ ಸಾಕು. ತಂತಿ ವೈಸಿಗೆ ಹಿಡಿಸಿ ಮೇಲೆ ಒಂದೂವರೆ ಎರಡು ಮಿಲಿಮೀಟರ್ ಮಾತ್ರ ಬಿಟ್ಟು, ಸಣ್ಣ ಸುತ್ತಿಗೆಯ ಗುಂಡು ಮುಖದಲ್ಲಿ ಮೆತ್ತಗೆ ಸುತ್ತಲೂ ತಟ್ತಾ ಹೋದ್ರೆ ತಲೆ ಅರಳತ್ತೆ. ಅದನ್ನ ಮುಂದಿನಿಂದ ತೂರಿಸಿ, ಹಿಂದೆ ಒಂದು ಸಣ್ಣ ಚೌಕದ ಹಿತ್ತಾಳೆ ವಾಷರ್ ಹಾಕಿ. ಈ ವಾಷರ್ ಬಿಟ್ಟರೆ ರಿವಿಟ್ ಚರ್ಮ ಹರ್ಕೊಂಡು ಬರತ್ತೆ, ನೆನಪಿರ್ಲಿ. ತಂತಿಯ ದಪ್ಪ ಎಷ್ಟೋ ಅಷ್ಟೇ ಉದ್ದ ಮೇಲೆ ಉಳಿಸಿ ಕತ್ತರಿಸಿ, ಜಾಸ್ತಿ ಉಳಿಸಿದ್ರೆ ತಂತಿ ಬಗ್ಗತ್ತೆ, ಕಮ್ಮಿ ಆದ್ರೆ ಹಿಡಿಯಲ್ಲ. ಮುಂದಿನ ತಲೆಯನ್ನ ಕಬ್ಬಿಣದ ಅಡಿಗಲ್ಲಲ್ಲಿ ಮಾಡಿದ ಸಣ್ಣ ಕುಳಿಯಲ್ಲಿ ಕೂರಿಸಿ ಹಿಂದಿನಿಂದ ತಟ್ಟಿ. ಜೋರಾಗಿ ಎರಡು ಏಟಲ್ಲ, ಮೆತ್ತಗೆ ಇಪ್ಪತ್ತು ಮೂವತ್ತು. ಕಿವಿ ಕೊಟ್ಟು ಕೇಳಿ, ಸಡಿಲ ಇರೋ ತನಕ ಸದ್ದು ಲಡಲಡ ಅನ್ನತ್ತೆ, ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡ ಮೇಲೆ ಸದ್ದು ಬಿಗಿ ಆಗತ್ತೆ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಹೊಡೆದ್ರೆ ಚರ್ಮ ಅಮುಕಿ ಬಿಲ್ಲೆ ಬಗ್ಗತ್ತೆ.

ಬಿಲ್ಲೆ ಎಲ್ಲಿ ಹೊಡೀಬೇಕು ಅಂತ ಬೆಲ್ಟ್ ಕಟ್ಟಿಕೊಂಡೇ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಚೀಲ, ಚಾಕು ನೇತು ಹಾಕೋ ಜಾಗ ಖಾಲಿ ಬಿಡಿ, ಬಕಲ್ ನಾಲಿಗೆಗೆ ಬೇಕಾದ ನಾಲ್ಕೈದು ತೂತಿನ ಜಾಗಾನೂ ಬಿಡಿ, ಮತ್ತೆ ಬಿಲ್ಲೆಯ ಅಗಲ ಬಕಲ್ ಒಳಗೆ ತೂರತ್ತಾ ಅಂತ ಮೊದಲೇ ನೋಡ್ಕೊಳ್ಳಿ. ಹಿಂದೆ ಬೆನ್ನಿಗೆ ಬರೋ ಕಡೆ ಕಾರಲ್ಲಿ ಬಸ್ಸಲ್ಲಿ ಕೂತಾಗ ಒತ್ತತ್ತೆ, ಅಲ್ಲಿ ಚಪ್ಪಟೆ ಬಿಲ್ಲೆ ಹಾಕಿ.

ಪಾಲಿಶ್ ವಿಷಯಕ್ಕೆ ಬಂದ್ರೆ, ಹಳೇದು ಕಾಣ್ಲಿ ಅಂತ ಹಸಿರು ಕಪ್ಪು ಬಳಿಯೋ ರೂಢಿ ನಂಗೆ ಒಪ್ಪಿಗೆ ಇಲ್ಲ. ಮ್ಯೂಸಿಯಮ್ಮಲ್ಲಿ ಅದು ಹಸಿರಾಗಿರೋದು ಸಾವಿರ ವರ್ಷ ಮಣ್ಣಲ್ಲಿದ್ದಕ್ಕೆ, ಹಾಕ್ಕೊಂಡು ಓಡಾಡ್ತಿದ್ದೋನ ಸೊಂಟದಲ್ಲಿ ಅದು ಪಳಪಳ ಅಂತಿತ್ತು, ತೋರಿಸ್ಕೊಳ್ಳೋಕೆ ಅಂತಲೇ ಹಾಕ್ತಿದ್ದಿದ್ದು. ಎಮರಿ ಪೇಪರ್ 400, 800, 1200 ಅಂತ ಕ್ರಮವಾಗಿ ಉಜ್ಜಿ, ಆಮೇಲೆ ಹುಣಸೆಹಣ್ಣು ಉಪ್ಪು ಹಾಕಿ ದೇವರ ದೀಪ ತೊಳೆಯೋ ಹಾಗೆ ತೊಳೆದು ಒರೆಸಿ. ಇದೆಲ್ಲಾ ಚರ್ಮಕ್ಕೆ ಹಿಡಿಸೋಕೆ ಮುಂಚೆ, ಹುಣಸೆ ಹುಳಿ ಚರ್ಮಕ್ಕೆ ತಾಗ್ಬಾರ್ದು. ಕೆತ್ತನೆಯ ಕಪ್ಪಿಗೆ ಆಗಿನವರು ಬೆಳ್ಳಿ ಮೇಲೆ ಗಂಧಕ ಬೆರೆತ ಕಪ್ಪು ಪುಡಿ ಕರಗಿಸಿ ತುಂಬ್ತಿದ್ರು, ನಾವು ಕಪ್ಪು ಎನಾಮಲ್ ಪೇಂಟ್ ತುಂಬಿ ಮೇಲ್ಮೈ ಒರೆಸಿದ್ರೆ ಹತ್ತಿರಕ್ಕೆ ಬರತ್ತೆ.

ನಮ್ಮ ನಾಡಿನದೇ ಅದೇ ಕಾಲದ ವೇಷಕ್ಕೆ ಇದೇ ಬೆಲ್ಟ್ ಹಾಕ್ಬೋದಾ ಅಂತ ಕೇಳೋರಿದಾರೆ. ಬೇಡ. ಬಿರ್ಕಾ ಜನ ಈ ಬೆಲ್ಟ್ ಕಟ್ಕೊಂಡು ಓಡಾಡ್ತಿದ್ದ ಹೊತ್ತಲ್ಲೇ, 949ರ ಸುಮಾರಿಗೆ, ನಮ್ಮ ದಕ್ಷಿಣದಲ್ಲಿ ರಾಷ್ಟ್ರಕೂಟರು, ಗಂಗರು ಒಂದು ಕಡೆ, ಚೋಳರು ಇನ್ನೊಂದು ಕಡೆ ನಿಂತ ತಕ್ಕೋಲದ ಯುದ್ಧ ಆಯ್ತು, ಆ ಯುದ್ಧ ಮತ್ತೆ ಗಂಗರ ಕಡೆಯ ವೀರ ಮಣಲೇರನ ನಾಯಿ ಕಾಳಿ ಎರಡನ್ನೂ ಹೇಳೋ ಕಲ್ಲು ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿಂದು. ಆ ಕಾಲದ ಗಂಗರ ವೀರನ ವೇಷ ಮಾಡೋರು ನಮ್ಮ ವೀರಗಲ್ಲು, ಶಿಲ್ಪ ನೋಡಿ ಬಟ್ಟೆಯ ನಡುಕಟ್ಟು, ಅದಕ್ಕೆ ಸಿಗಿಸಿದ ಕಠಾರಿ ಮಾಡ್ಕೊಳ್ಳಿ, ಸೊಂಟಪಟ್ಟಿ ಬೇಕಾದ್ರೆ ಸಿಂಹಮುಖದ್ದು. ತಗಡು ಕುಯ್ಯೋದು, ಕಾಯಿಸೋದು, ಪಂಚು, ರಿವಿಟ್ಟು ಅದಕ್ಕೂ ಇದೇನೇ.

ಕೊನೇದಾಗಿ ಜೋಪಾನ. ನಮ್ಮ ಬೆವರಿಗೆ ಹಿತ್ತಾಳೆ ಬೇಗ ಕಪ್ಪಾಗತ್ತೆ, ಚರ್ಮ ಸೇರೋ ಕಡೆ ಹಸಿರು ಕಿಲುಬು ಬರತ್ತೆ. ಬಿಚ್ಚಿದ ತಕ್ಷಣ ಒಣ ಬಟ್ಟೇಲಿ ಒರೆಸಿ, ಮಳೆಗಾಲಕ್ಕೆ ಮುಂಚೆ ಚರ್ಮಕ್ಕೆ ಜೇನುಮೇಣ ತೆಳ್ಳಗೆ ಉಜ್ಜಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡದೆ ಹತ್ತಿ ಬಟ್ಟೇಲಿ ಸುತ್ತಿ, ಮಡಿಚದೆ ದೊಡ್ಡ ಸುರುಳಿ ಮಾಡಿಡಿ. ಬಿಲ್ಲೆ ಪಕ್ಕದ ಕಿಲುಬನ್ನ ಬಿದಿರಿನ ಕಡ್ಡೀಲಿ ಕೆರೆದ್ರೆ ಸಾಕು, ಗೀರು ಬೀಳಲ್ಲ.